ಖುಷಿ ಹಂಚುವ ಹಾಡು ಬರೆಯುವುದು ಹೇಗೆ? ಮೊದಲ ಸಾಲಿನಿಂದ ಊರಿನ ಬಾಯಿಯವರೆಗೆ

"ನನ್ನ ಹಾಡು ಕೇಳಿದವರಿಗೆಲ್ಲ ಖುಷಿ ಆಗಬೇಕು." ಹಾಡು ಬರೆಯುವ ಆಸೆ ಇರುವ ಹದಿನಾರು, ಹದಿನೆಂಟರ ಹುಡುಗ ಹುಡುಗಿಯರ ಬಾಯಲ್ಲಿ ಈ ಮಾತನ್ನು ಆಗಾಗ ಕೇಳುತ್ತೇನೆ. ತುಂಬಾ ಒಳ್ಳೆಯ ಆಸೆ. ಆದರೆ ನೋಟ್‌ಬುಕ್ ತೆರೆದ ಕೂಡಲೇ ಅವರು ಬರೆಯುವುದು 'ಸಂತೋಷ', 'ನಗು', 'ಬಾಳು', 'ಬೆಳಕು' ಇಂಥ ಪದಗಳನ್ನೇ. ಸಂತೋಷ ಅನ್ನುವ ಪದ ಹತ್ತು ಸಲ ಬಂದರೂ ಕೇಳುವವರ ಮುಖ ಹಾಗೇ ಇರುತ್ತದೆ.

ಕೇಳಿದವರು ತಾವೂ ಬಾಯಿ ಸೇರಿಸುವಂಥ ಹಾಡೇ ಖುಷಿ ಹಂಚುವ ಹಾಡು ಅಂತ ನಾನು ನಂಬಿದ್ದೇನೆ. ನಮ್ಮ ಜನಪದರಿಗೆ ಇದು ಚೆನ್ನಾಗಿ ಗೊತ್ತಿತ್ತು. ಮದುವೆ ಮನೆಯ ಸೋಬಾನೆಯಲ್ಲಿ ಒಬ್ಬರು ಸಾಲು ಎತ್ತಿಕೊಟ್ಟರೆ ಉಳಿದ ಹೆಂಗಸರೆಲ್ಲ ಅದನ್ನು ಹಿಡಿದು ಹಾಡುತ್ತಾರೆ. ಗೀಗೀ ಪದದಲ್ಲಿ ಮುಖ್ಯ ಹಾಡುಗಾರರು ದಪ್ಪು ಬಡಿಯುತ್ತ ಕತೆ ಹೇಳಿದರೆ, ತುಂತುಣಿ, ತಾಳ ಹಿಡಿದ ಹಿಮ್ಮೇಳದವರು 'ಗೀ ಗೀ' ಅಂತ ದನಿ ಕೂಡಿಸುತ್ತಾರೆ. ಕೋಲಾಟದ ಪದವೂ ಹಾಗೇ. ಅಲ್ಲಿ ಸುಮ್ನೆ ಕೂತು ಕೇಳುವವರು ಕಡಿಮೆ. ಈ ಲೇಖನದ ಎಲ್ಲ ಹೆಜ್ಜೆಗಳೂ ಆ ಕಡೆಗೇ: ನಿಮ್ಮ ಹಾಡು ಬೇರೆಯವರ ಬಾಯಿಗೆ ಹತ್ತಬೇಕು.

ಬೇಕಾಗುವುದು ಒಂದು ನೋಟ್‌ಬುಕ್, ಒಂದು ಪೆನ್ನು, ರೆಕಾರ್ಡರ್ ಇರುವ ಒಂದು ಮೊಬೈಲು. ಸಂಗೀತ ಕಲಿತಿದ್ದರೆ ಅನುಕೂಲ, ಕಲಿಯದಿದ್ದರೂ ಶುರು ಮಾಡಬಹುದು.

ಹೆಜ್ಜೆ 1: ಯಾರಿಗಾಗಿ ಅಂತ ಮೊದಲೇ ತೀರ್ಮಾನಿಸಿ

'ಎಲ್ಲರಿಗಾಗಿ' ಅಂತ ಹೊರಟರೆ ಸಾಲು ಹುಟ್ಟುವುದೇ ಕಷ್ಟ. ಒಬ್ಬರನ್ನು ಆರಿಸಿಕೊಳ್ಳಿ. ಮಂಡಿ ನೋವಿನಿಂದ ಮನೆಯಲ್ಲೇ ಇರುವ ಅಜ್ಜಿ, ಪರೀಕ್ಷೆಯ ಭಯದಲ್ಲಿರುವ ತಮ್ಮ, ಅಂಗನವಾಡಿಯ ಮಕ್ಕಳು, ರಾತ್ರಿ ಪಾಳಿ ಮುಗಿಸಿ ಬರುವ ಅಪ್ಪ, ಯಾರಾದರೂ ಸರಿ. ಅವರು ಯಾವುದಕ್ಕೆ ನಗುತ್ತಾರೆ, ದಿನದ ಯಾವ ಹೊತ್ತಿನಲ್ಲಿ ಹಗುರವಾಗಿರುತ್ತಾರೆ, ಯಾವ ಮಾತನ್ನು ಮತ್ತೆ ಮತ್ತೆ ಆಡುತ್ತಾರೆ ಅಂತ ಗಮನಿಸಿ ಬರೆದಿಟ್ಟುಕೊಳ್ಳಿ. ಒಂದು ಪುಟ ತುಂಬುವವರೆಗೂ ಹಾಡಿಗೆ ಕೈ ಹಾಕಬೇಡಿ.

ಇನ್ನೊಂದು ಮುಖ್ಯ ಮಾತು. ದುಃಖದಲ್ಲಿ ಇರುವವರಿಗೆ 'ನಗು, ನಗು' ಅಂತ ಹೇಳುವ ಹಾಡು ಬರೆಯಬೇಡಿ. ಅದು ಅವರಿಗೆ ಇನ್ನಷ್ಟು ಒಂಟಿತನ ತರುತ್ತದೆ. ಅವರ ಪಕ್ಕದಲ್ಲಿ ಕೂತು, ಅವರಿಗೆ ಪರಿಚಯವಿರುವ ಒಂದು ಚಿಕ್ಕ ಸಂಗತಿಯನ್ನು ಹೇಳುವ ಹಾಡು ಸಾಕು. ನಗು ಬರುವ ಹೊತ್ತಿಗೆ ತಾನಾಗಿ ಬರುತ್ತದೆ.

ಹೆಜ್ಜೆ 2: ಕಣ್ಣಿಗೆ ಕಾಣುವ ಒಂದು ಗಳಿಗೆ ಹಿಡಿಯಿರಿ

ಮಾತಿಗೆ ಒಂದು ಉದಾಹರಣೆ ಇರಲಿ. ನಿಮ್ಮ ಬೀದಿಯ ಮಕ್ಕಳಿಗಾಗಿ ಬರೆಯುತ್ತಿದ್ದೀರಿ ಅಂದುಕೊಳ್ಳಿ. ಮೊದಲು ಬರುವ ಸಾಲು ಬಹುಶಃ ಹೀಗಿರುತ್ತದೆ: 'ಎಲ್ಲರ ಬಾಳಲಿ ನಗುವಿನ ಬೆಳಕು'. ಲಯ ಇದೆ. ಅರ್ಥವೂ ಇದೆ. ಆದರೆ ಕಣ್ಣಿಗೆ ಏನೂ ಕಾಣುವುದಿಲ್ಲ.

ಈಗ ಮಕ್ಕಳು ನಿಜವಾಗಿ ಖುಷಿಪಡುವ ಗಳಿಗೆ ನೆನಪು ಮಾಡಿಕೊಳ್ಳಿ. ಸಂಜೆ ಏಳೂವರೆ ಹೊತ್ತಿಗೆ ಕರೆಂಟು ಹೋಗುತ್ತದೆ. ಇಡೀ ಬೀದಿಯಿಂದ ಒಮ್ಮೆಗೇ 'ಹೋ...' ಅಂತ ಕೂಗು ಏಳುತ್ತದೆ. ಹೋಂವರ್ಕ್ ನಿಲ್ಲುತ್ತದೆ. ದೊಡ್ಡವರು ಜಗಲಿಗೆ ಬಂದು ಕೂರುತ್ತಾರೆ. ಯಾರೋ ಡಬ್ಬಿ ತೆರೆದು ಹುರಿದ ಕಡಲೆ ಹಂಚುತ್ತಾರೆ. ಪಕ್ಕದ ಮನೆಯವರು ಮಾತಿಗೆ ಬರುತ್ತಾರೆ. ಹಾಡು ಇಲ್ಲೇ ಇದೆ, ಅಲ್ವಾ? ಸಂತೋಷ ಅನ್ನುವ ಪದ ಎಲ್ಲೂ ಬೇಕಾಗಿಲ್ಲ.

ಇಂಥ ಗಳಿಗೆಗಳು ಎಲ್ಲರ ಊರಲ್ಲೂ ಇವೆ. ಮೊದಲ ಮಳೆಗೆ ಒಣಹಾಕಿದ ಬಟ್ಟೆ ತರಲು ಓಡುವುದು, ಜಾತ್ರೆಯಲ್ಲಿ ಚುರುಮುರಿ ತಿನ್ನುವುದು, ಕಟ್ಟಕಡೆಯ ಬಸ್ಸು ಸಿಕ್ಕಿಬಿಡುವುದು. ನಿಮ್ಮ ಹಾಡಿಗೆ ನಿಮ್ಮೂರಿನದನ್ನೇ ಆರಿಸಿ.

ಹೆಜ್ಜೆ 3: ಮೊದಲು ಸೊಲ್ಲು, ಆಮೇಲೆ ಉಳಿದದ್ದು

ಹೊಸಬರು ಸಾಮಾನ್ಯವಾಗಿ ಮೊದಲ ಸಾಲಿನಿಂದ ಶುರು ಮಾಡಿ ಕೆಳಗೆ ಬರುತ್ತಾರೆ. ನನ್ನ ಸಲಹೆ ಬೇರೆ. ಜನ ಸೇರಿ ಹಾಡುವ ಸೊಲ್ಲನ್ನು ಮೊದಲು ಮಾಡಿಕೊಳ್ಳಿ. ಪ್ರತಿ ಚರಣ ಮುಗಿದ ಮೇಲೆ ಎಲ್ಲರೂ ಎತ್ತಿಕೊಳ್ಳುವ ಸಾಲು ಅದು. ಒಮ್ಮೆ ಕೇಳಿದರೆ ಬರಬೇಕು. ಓದು ಬರದ ಮಗುವಿಗೂ ಬರಬೇಕು.

ನಮ್ಮ ಉದಾಹರಣೆಗೆ ಮಕ್ಕಳ ಕೂಗೇ ಸೊಲ್ಲು ಕೊಡುತ್ತದೆ:

ಹೋ ಹೋ ಹೋಯಿತು, ಹೋದರೆ ಹೋಗಲಿ

ಇದರಲ್ಲಿ ಹೊಸ ಪದ ಒಂದೂ ಇಲ್ಲ. ಎಲ್ಲ ಪದಗಳೂ 'ಹೋ' ಇಂದಲೇ ಶುರು. ಬಾಯಿ ದೊಡ್ಡದಾಗಿ ತೆರೆಯುವ ದೀರ್ಘ ಸ್ವರ ಇರುವುದರಿಂದ ಕೂಗಿ ಹಾಡಲು ಸುಲಭ. ಸೊಲ್ಲಿನಲ್ಲಿ ಆ, ಓ, ಏ ಇಂಥ ದೀರ್ಘಗಳು ಜಾಸ್ತಿ ಇದ್ದಷ್ಟು ಗುಂಪಿಗೆ ಅನುಕೂಲ. ಒತ್ತಕ್ಷರಗಳು ಗಿಜಿಗುಟ್ಟಿದರೆ ಗುಂಪಿನಲ್ಲಿ ಎಲ್ಲವೂ ಕಲಸಿಹೋಗುತ್ತದೆ.

ಹೆಜ್ಜೆ 4: ಮಾತ್ರೆ ಎಣಿಸಿ ಪಲ್ಲವಿ ಕಟ್ಟಿ

ಹಾಡಿನ ಆರಂಭದ ಸಾಲುಗಳೇ ಪಲ್ಲವಿ. ಈ ಹೆಜ್ಜೆಗೆ ಸ್ವಲ್ಪ ಹೊತ್ತು ಕೊಡಿ. ಶಾಲೆಯಲ್ಲಿ ಲಘು, ಗುರು ಅಂತ ಕಲಿತದ್ದು ನೆನಪಿದೆಯಾ? ಪರೀಕ್ಷೆಗೆ ಬಾಯಿಪಾಠ ಮಾಡಿ ಬಿಟ್ಟ ಆ ಪಾಠ ಹಾಡು ಬರೆಯುವವರಿಗೆ ದಿನಾ ಬೇಕು.

ಮಾತ್ರೆ ಅಂದರೆ ಅಕ್ಷರ ಹೇಳಲು ಬೇಕಾಗುವ ಹೊತ್ತಿನ ಅಳತೆ. ನಿಯಮ ಚಿಕ್ಕದು. ಹ್ರಸ್ವ ಅಕ್ಷರಕ್ಕೆ ಒಂದು ಮಾತ್ರೆ. ದೀರ್ಘಕ್ಕೆ ಎರಡು. ಸೊನ್ನೆ ಇರುವ ಅಕ್ಷರಕ್ಕೂ, ಒತ್ತಕ್ಷರದ ಹಿಂದಿನ ಅಕ್ಷರಕ್ಕೂ, ಐ ಮತ್ತು ಔ ಸ್ವರಗಳಿಗೂ ಎರಡು. ಒಂದು ಮಾತ್ರೆಯದು ಲಘು, ಎರಡರದ್ದು ಗುರು. 'ಕರೆಂಟು' ತಗೊಳ್ಳಿ. ಕ ಒಂದು, ರೆಂ ಎರಡು, ಟು ಒಂದು. ಒಟ್ಟು ನಾಲ್ಕು. 'ಬನ್ನಿರಿ' ಆದರೆ ಬ ಎರಡು, ನ್ನಿ ಒಂದು, ರಿ ಒಂದು. ಇದೂ ನಾಲ್ಕು.

ಮಾತ್ರೆಗಳ ಗುಂಪಿಗೆ ಗಣ ಅಂತ ಹೆಸರು. ಹೀಗೆ ನಾಲ್ಕು ಮಾತ್ರೆಯ ನಾಲ್ಕು ಗಣ ಜೋಡಿಸಿದರೆ ಹದಿನಾರು ಮಾತ್ರೆಯ ಸಾಲು. ಚಪ್ಪಾಳೆಗೆ ಹೇಳಿಮಾಡಿಸಿದ ಅಳತೆ. ಪ್ರತಿ ಗಣದ ಮೊದಲ ಅಕ್ಷರಕ್ಕೆ ಒಂದು ಚಪ್ಪಾಳೆ ಹೊಡೆಯುತ್ತ ಹೇಳಿ:

ಕರೆಂಟು | ಹೋಯಿತು | ಜಗಲಿಗೆ | ಬನ್ನಿರಿ

ಎರಡನೇ ಸಾಲಿಗೆ ಕಡಲೆ ಡಬ್ಬಿ ತರಬೇಕು. ಮೊದಲ ಪ್ರಯತ್ನ ಹೀಗಿರಬಹುದು:

ಹುರಿಗಡಲೆಯ ಡಬ್ಬಿ ಬೇಗ ತನ್ನಿರಿ

ಎಣಿಸಿ ನೋಡಿ, ಹದಿನಾರೇ ಇದೆ. ಆದರೂ ಚಪ್ಪಾಳೆ ಹೊಡೆದು ಹಾಡಿದರೆ ತೊಡಕು. 'ಹುರಿಗಡ', 'ಲೆಯ ಡ', 'ಬ್ಬಿ ಬೇಗ' ಅಂತ ಪದಗಳು ಮಧ್ಯಕ್ಕೆ ಒಡೆಯುತ್ತವೆ. ಕೇಳುವವರಿಗೆ 'ಲೆಯಡ' ಅಂದರೆ ಏನು ಅನ್ನಿಸುತ್ತದೆ. ಪದ ಗಣ ದಾಟಬಾರದು ಅಂತ ಕಾನೂನೇನಿಲ್ಲ, ಪಳಗಿದವರು ಬೇಕೆಂದೇ ದಾಟಿಸುತ್ತಾರೆ. ಎಲ್ಲರೂ ಸೇರಿ ಹಾಡುವ ಹಾಡಿಗೆ ಮಾತ್ರ ಪದ ಮತ್ತು ಗಣ ಒಟ್ಟಿಗೆ ಮುಗಿದರೆ ಒಳ್ಳೆಯದು. ಹಾಗಾಗಿ ಬದಲಿಸೋಣ:

ಹುರಿದಾ | ಕಡಲೆಯ | ಡಬ್ಬಿಯ | ತನ್ನಿರಿ

'ಹುರಿದ' ಅಂದರೆ ಮೂರೇ ಮಾತ್ರೆ. ಕೊನೆಯ ಅಕ್ಷರ ಎಳೆದು 'ಹುರಿದಾ' ಮಾಡಿದರೆ ನಾಲ್ಕು. ಹೀಗೆ ಎಳೆಯುವುದು ಹಾಡಿಗೆ ಸಹಜ. ಜನಪದ ಗೀತೆಗಳಲ್ಲಿ ಇದು ಧಾರಾಳವಾಗಿ ಸಿಗುತ್ತದೆ. ಆದರೆ ಸಾಲಿಗೆ ಮೂರು ಕಡೆ ಎಳೆಯುವ ಪರಿಸ್ಥಿತಿ ಬಂದರೆ ಪದವನ್ನೇ ಬದಲಿಸಿ.

ನಾಲ್ಕು ಮಾತ್ರೆಯೇ ಆಗಬೇಕೆಂದಿಲ್ಲ. ಮೂರರ ಗಣ ತೂಗುವಂತಿರುತ್ತದೆ, ಜೋಗುಳಕ್ಕೆ ಚೆನ್ನ. ಐದರದ್ದು ಸ್ವಲ್ಪ ಚುರುಕು. ಮೂರು ಮತ್ತು ನಾಲ್ಕು ಸೇರಿಸಿದ ಏಳರ ನಡೆ ಕೇಳಲು ಬಹಳ ಚೆಂದ, ಆದರೆ ಹೊಸ ಗುಂಪಿಗೆ ಚಪ್ಪಾಳೆ ತಪ್ಪುತ್ತದೆ. ಮೊದಲ ಕೆಲವು ಹಾಡುಗಳನ್ನು ನಾಲ್ಕರಲ್ಲೇ ಬರೆಯಿರಿ ಅಂತ ನಾನು ಒತ್ತಾಯಿಸುತ್ತೇನೆ.

ಹೆಜ್ಜೆ 5: ಚರಣದಲ್ಲಿ ಕತೆ ಮುಂದೆ ಹೋಗಲಿ

ಪಲ್ಲವಿ ಹೇಳಿದ್ದನ್ನೇ ಚರಣವೂ ಹೇಳಿದರೆ ಬೇಸರ. ಪ್ರತಿ ಚರಣದಲ್ಲೂ ಹೊಸದೊಂದು ಆಗಬೇಕು. ಕರೆಂಟು ಹೋದ ಮೇಲೆ ಏನಾಗುತ್ತದೆ? ಸದ್ದು ಬದಲಾಗುತ್ತದೆ:

ಟೀವಿಯ ಗಲಾಟೆ ನಿಂತೇ ಹೋಯಿತು
ಬಾವಿಯ ಕಪ್ಪೆಯ ಕಚೇರಿ ಕೇಳಿತು

ಆಮೇಲೆ ಜನ ಸೇರುತ್ತಾರೆ:

ಆಚೆಯ ಮನೆಯವ ಈಚೆಗೆ ಬಂದನು
ನಾಚುತ ನಾಚುತ ಕೊಳಲನು ತಂದನು

ಕೊನೆಯ ಚರಣಕ್ಕೆ ಒಂದು ತಿರುವು ಇಟ್ಟುಕೊಳ್ಳಿ. ಕೇಳುವವರು ಊಹಿಸಿದ್ದಕ್ಕಿಂತ ಒಂದು ಹೆಜ್ಜೆ ಆಚೆ ಹೋಗಲಿ:

ಕರೆಂಟು ಬಂದಿತು, ಯಾರೂ ಏಳರು
ಇರುಳಿನ ಹಾಡನು ನಿಲ್ಲಿಸಲಾರರು

ಮೂರು ಚರಣ ಸಾಕು. ನಾಲ್ಕನೆಯದು ಬರೆಯುವ ಆಸೆ ಬಂದರೆ ಅದನ್ನು ಇನ್ನೊಂದು ಹಾಡಿಗೆ ಎತ್ತಿಡಿ.

ಪ್ರಾಸದ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಸಾಲಿನ ಕೊನೆ ಹೊಂದಿಸುವ ಅಂತ್ಯಪ್ರಾಸ ಎಲ್ಲರಿಗೂ ಗೊತ್ತು. 'ಬನ್ನಿರಿ, ತನ್ನಿರಿ' ಅಂಥದ್ದು. ಕನ್ನಡದಲ್ಲಿ ಅದಕ್ಕಿಂತ ಹಳೆಯದು ಆದಿಪ್ರಾಸ. ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು. ಅದರ ಹಿಂದಿನ ಅಕ್ಷರ ಒಂದು ಸಾಲಲ್ಲಿ ಲಘುವಾದರೆ ಇನ್ನೊಂದರಲ್ಲೂ ಲಘು, ಗುರುವಾದರೆ ಗುರು. ಮೇಲಿನ ಸಾಲುಗಳನ್ನು ಇನ್ನೊಮ್ಮೆ ನೋಡಿ. 'ಟೀವಿ, ಬಾವಿ'ಯಲ್ಲಿ ವ. 'ಆಚೆ, ನಾಚು'ವಿನಲ್ಲಿ ಚ. 'ಕರೆಂಟು, ಹುರಿದಾ'ದಲ್ಲಿ ರ. ಇದರ ಪ್ರಯೋಜನ ದೊಡ್ಡದು. ಮೊದಲ ಸಾಲು ಹಾಡಿದವರಿಗೆ ಎರಡನೇ ಸಾಲಿನ ತಲೆ ತಾನಾಗಿ ನೆನಪಾಗುತ್ತದೆ. ಪುಸ್ತಕ ಇಲ್ಲದ ಕಾಲದಲ್ಲಿ ಉದ್ದುದ್ದ ಪದಗಳನ್ನು ಜನ ನೆನಪಿಟ್ಟುಕೊಳ್ಳುವುದಕ್ಕೆ ಇಂಥ ಪ್ರಾಸಗಳು ತುಂಬಾ ನೆರವಾಗಿವೆ. ಹಾಗಂತ ಪ್ರಾಸಕ್ಕಾಗಿ ಅರ್ಥ ಕೆಡಿಸಬೇಡಿ. ಸಿಕ್ಕಿದರೆ ಸಂತೋಷ, ಸಿಗದಿದ್ದರೆ ಸಾಲು ನೇರವಾಗಿರಲಿ.

ಹೆಜ್ಜೆ 6: ನಿಮ್ಮ ಮನೆಯ ಕನ್ನಡದಲ್ಲೇ ಬರೆಯಿರಿ

ಹಾಡು ಅಂದ ಕೂಡಲೇ ಪುಸ್ತಕದ ಕನ್ನಡಕ್ಕೆ ಹೋಗುವ ಅಭ್ಯಾಸ ಬಹಳ ಜನರಿಗಿದೆ. ಅದು ತಪ್ಪೇನಲ್ಲ. ಆದರೆ ಧಾರವಾಡ ಕಡೆಯ ಹುಡುಗಿ ಇದೇ ಹಾಡನ್ನು ಬರೆದರೆ ಜಗಲಿ ಬರುವುದಿಲ್ಲ, ಕಟ್ಟಿ ಬರುತ್ತದೆ:

ಕರೆಂಟ ಹೋತೋ ಕಟ್ಟಿಗೆ ಬರ್ರೋ

ಮಾತ್ರೆ ಎಣಿಸಿ. ಇದೂ ಹದಿನಾರೇ. ಕುಂದಾಪುರ, ಮಂಗಳೂರು, ಚಾಮರಾಜನಗರ, ಕಲಬುರಗಿ, ಎಲ್ಲಿಯವರಾದರೂ ಸರಿ, ಅಮ್ಮ ಊಟಕ್ಕೆ ಕರೆಯುವ ಮಾತಿನಲ್ಲಿ ಒಂದು ಹಾಡಾದರೂ ಬರೆಯಿರಿ. ನಿಮ್ಮ ಊರಿನವರು ಅದನ್ನು ಬೇಗ ಹಿಡಿಯುತ್ತಾರೆ. ಬೇರೆ ಊರಿನವರು ಕುತೂಹಲದಿಂದ ಕೇಳುತ್ತಾರೆ.

ಹೆಜ್ಜೆ 7: ಮಟ್ಟು ಹುಡುಕುವುದು

ಸಾಹಿತ್ಯ ಸಿದ್ಧವಾದ ಮೇಲೆ ಅದನ್ನು ಹಾಡದೆ, ಮಾತಾಡುವಂತೆ ಹೇಳಿ. ಗಟ್ಟಿಯಾಗಿ, ಯಾರನ್ನೋ ಕರೆಯುವ ಹಾಗೆ. 'ಜಗಲಿಗೆ ಬನ್ನಿರಿ' ಅಂತ ಕರೆಯುವಾಗ ದನಿ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಗಮನಿಸಿ. ಮಟ್ಟಿನ, ಅಂದರೆ ಹಾಡಿನ ಧಾಟಿಯ, ಬೀಜ ಅಲ್ಲೇ ಇರುತ್ತದೆ. ಹೇಳುತ್ತ ಹೇಳುತ್ತ ಅದು ಗುನುಗಾಗುತ್ತದೆ. ಗುನುಗಿದ್ದನ್ನೆಲ್ಲ ರೆಕಾರ್ಡ್ ಮಾಡಿಡಿ. ನಾಳೆಗೆ ನೆನಪಿರುತ್ತದೆ ಅಂತ ನಂಬಬೇಡಿ.

ಸ್ವರ ಗೊತ್ತಿಲ್ಲದವರಿಗೆ ಒಂದು ಸುಲಭದ ದಾರಿ ಇದೆ. ಯಾರ ಮನೆಯಲ್ಲಾದರೂ ಕೀಬೋರ್ಡ್ ಅಥವಾ ಹಾರ್ಮೋನಿಯಂ ಇದ್ದರೆ ಕಪ್ಪು ಮನೆಗಳನ್ನು (ಕೀಗಳನ್ನು) ಮಾತ್ರ ಒತ್ತಿ. ಮೂರು ಕಪ್ಪು ಒಟ್ಟಿಗೆ ಇರುವ ಜಾಗದಲ್ಲಿ ಎಡಗಡೆಯ ಮೊದಲನೆಯದನ್ನು ಷಡ್ಜ, ಅಂದರೆ ಸ, ಅಂದುಕೊಳ್ಳಿ. ಅಲ್ಲಿಂದ ಬಲಕ್ಕೆ ಹೋದರೆ ಸ, ರಿ, ಗ, ಮುಂದಿನ ಎರಡು ಕಪ್ಪು ಪ, ದ. ಇದು ಮೋಹನ ರಾಗದ ಐದು ಸ್ವರ. ಹಿಂದೂಸ್ತಾನಿಯಲ್ಲಿ ಭೂಪ್ ರಾಗಕ್ಕೂ ಇವೇ ಸ್ವರಗಳು. ಮ ಮತ್ತು ನಿ ಇಲ್ಲದ ಕಾರಣ ಎಲ್ಲಿ ಒತ್ತಿದರೂ ಕಿವಿಗೆ ಕರ್ಕಶ ಅನ್ನಿಸುವುದಿಲ್ಲ. ಉಲ್ಲಾಸದ ಹಾಡಿಗೆ ಇದು ತುಂಬಾ ಒಪ್ಪುತ್ತದೆ. ನಮ್ಮ ಪಲ್ಲವಿ ಹೀಗೆ ಬರಬಹುದು. ಅಲ್ಪವಿರಾಮ ಇದ್ದ ಕಡೆ ಹಿಂದಿನ ಸ್ವರವನ್ನು ಒಂದು ಮಾತ್ರೆ ಎಳೆಯಿರಿ:

ಸ ರಿ , ಗ | ಗ , ರಿ ಗ | ಪ ಪ ದ ಪ | ಗ , ರಿ ಸ

ಸೊಲ್ಲು ಸ್ವಲ್ಪ ಮೇಲಿಂದ ಶುರುವಾದರೆ ಕೂಗಿದ ಹಾಗೆ ಕೇಳುತ್ತದೆ:

ಪ , ಪ , | ದ , ಪ ಗ | ಪ , ಗ ರಿ | ಗ , ರಿ ಸ

ಮೋಹನ ಒಂದೇ ಅಲ್ಲ. ಹಂಸಧ್ವನಿಯಲ್ಲೂ ಐದೇ ಸ್ವರ: ಸ, ರಿ, ಗ, ಪ, ನಿ. ಅದರಲ್ಲೂ ಲವಲವಿಕೆ ಇದೆ.

ಎತ್ತರದ ಬಗ್ಗೆ ಎಚ್ಚರ ಇರಲಿ. ನಿಮ್ಮ ಕಂಠ ಮೇಲಿನ ಷಡ್ಜ ದಾಟಿ ಹಾಯಾಗಿ ಹೋಗಬಹುದು. ಉಳಿದವರ ಕಂಠ ಹೋಗುವುದಿಲ್ಲ. ಸೊಲ್ಲು ಮತ್ತು ಪಲ್ಲವಿ ಸ ಇಂದ ದ ಒಳಗೇ ಇರಲಿ. ಮೇಲಿನ ಷಡ್ಜ ಬೇಕೇ ಬೇಕು ಅನ್ನಿಸಿದರೆ ಚರಣದಲ್ಲಿ ಒಮ್ಮೆ ಮುಟ್ಟಿ ಬನ್ನಿ. ಶ್ರುತಿ, ಅಂದರೆ ಷಡ್ಜವನ್ನು ಯಾವ ಮನೆಯಲ್ಲಿ ಇಟ್ಟುಕೊಳ್ಳುತ್ತೀರಿ ಅನ್ನುವುದೂ ಅಷ್ಟೇ. ಗಂಡಸರಿಗೆ ಒಂದು, ಒಂದೂವರೆ ಮನೆ (ಕೀಬೋರ್ಡಿನ ಸಿ, ಸಿ ಶಾರ್ಪ್) ಅನುಕೂಲ. ಹೆಂಗಸರಿಗೆ, ಮಕ್ಕಳಿಗೆ ಐದರ (ಜಿ) ಆಸುಪಾಸು. ಇಬ್ಬರೂ ಸೇರಿ ಹಾಡುವಾಗ ಯಾರಿಗೆ ಕಷ್ಟವಾಗುತ್ತಿದೆ ನೋಡಿ ಅರ್ಧ ಮನೆ ಇಳಿಸಿ ಅಥವಾ ಏರಿಸಿ.

ತಬಲಾ ಬಾರಿಸುವ ಗೆಳೆಯರಿದ್ದರೆ ಕಹರವಾ ಅಂತ ಹೇಳಿದರೆ ಸಾಕು. ಎಂಟು ಮಾತ್ರೆಯ ತಾಳ, ನಮ್ಮ ಸಾಲು ಎರಡು ಸುತ್ತಿಗೆ ಮುಗಿಯುತ್ತದೆ. ಮೂರರ ನಡೆಯ ಹಾಡಿಗೆ ದಾದ್ರಾ. ತಬಲಾ ಇಲ್ಲದಿದ್ದರೆ ಸ್ಟೀಲ್ ಡಬ್ಬಿ, ಬೆಂಚು, ಚಪ್ಪಾಳೆ ಯಾವುದೂ ನಡೆಯುತ್ತದೆ.

ಮಟ್ಟು ಹೊಳೆಯುವುದೇ ಇಲ್ಲ ಅನ್ನುವವರಿಗೆ ಹಳೆಯ ಅಭ್ಯಾಸವೊಂದಿದೆ. ಗೊತ್ತಿರುವ ಜನಪದ ಮಟ್ಟಿಗೆ ಹೊಸ ಮಾತು ಹೊಂದಿಸುವುದು. ಹಳೆಯ ನಾಟಕದ ಹಾಡುಗಳಿಗೂ ಭಜನೆಗಳಿಗೂ ಹೀಗೆ ಬೇರೆ ಹಾಡಿನ ಮಟ್ಟು ಬಳಸಿಕೊಳ್ಳುತ್ತಿದ್ದರು. ಕಲಿಕೆಗೆ ಬಹಳ ಒಳ್ಳೆಯದು. ಯಾರಿಂದ, ಯಾವ ಊರಿನಿಂದ ಆ ಮಟ್ಟು ಬಂತು ಅಂತ ಹಾಡಿನ ಜೊತೆ ಹೇಳಿ. ಸಿನಿಮಾ ಮಟ್ಟನ್ನು ಮಾತ್ರ ಅಭ್ಯಾಸಕ್ಕೆ ಇಟ್ಟುಕೊಳ್ಳಿ. ನಿಮ್ಮ ಮಾತು ಹಾಕಿದ ಮಾತ್ರಕ್ಕೆ ಆ ಮಟ್ಟು ನಿಮ್ಮದಾಗುವುದಿಲ್ಲ.

ಕೇಳುವ ಪಾಠವೂ ಇದೆ. ಪುಸ್ತಕದಲ್ಲಿದ್ದ ಕನ್ನಡ ಕವಿತೆಗಳನ್ನು ಜನರ ಬಾಯಿಗೆ ತಂದವರು ಪಿ. ಕಾಳಿಂಗರಾವ್, ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್ ಅಂಥವರು. ಇವರ ಹಾಡಿಕೆ ಕೇಳುವಾಗ ಮೂಲ ಕವಿತೆಯನ್ನು ಮುಂದೆ ಇಟ್ಟುಕೊಳ್ಳಿ. ಯಾವ ಸಾಲನ್ನು ಮತ್ತೆ ಹಾಡಿದರು, ಎಲ್ಲಿ ನಿಲ್ಲಿಸಿದರು, ಯಾವ ಪದದ ಮೇಲೆ ಎಳೆದರು ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಒಂದೆರಡು ಹಾಡಿಗೆ ಹೀಗೆ ಮಾಡಿದರೆ ಸಾಲನ್ನು ಹಿಂದಿರುಗಿಸುವ ಕಲೆ ಅರ್ಥವಾಗುತ್ತದೆ.

ಹೆಜ್ಜೆ 8: ಜಗಲಿಯ ಮೇಲೆ ಪರೀಕ್ಷೆ

ರೆಕಾರ್ಡ್ ಮಾಡುವ ಮೊದಲು ನಾಲ್ಕು ಜನರ ಮುಂದೆ ಹಾಡಿ. 'ಹೇಗಿದೆ?' ಅಂತ ಕೇಳಬೇಡಿ. ಎಲ್ಲರೂ 'ಚೆನ್ನಾಗಿದೆ' ಅನ್ನುತ್ತಾರೆ. ಸುಮ್ನೆ ಹಾಡಿ, ಗಮನಿಸಿ. ಎರಡನೇ ಸಲ ಸೊಲ್ಲು ಬಂದಾಗ ಯಾರಾದರೂ ತುಟಿ ಅಲ್ಲಾಡಿಸಿದರಾ? ಕಾಲು ತಾಳ ಹಾಕಿತಾ? ಎಲ್ಲಿ ಮೊಬೈಲ್ ಕಡೆ ಕಣ್ಣು ಹೋಯಿತು? ಆ ಸಾಲೇ ದುರ್ಬಲ. ಮಾರನೇ ದಿನ ಅವರಲ್ಲಿ ಒಬ್ಬರನ್ನು 'ನಿನ್ನೆಯ ಹಾಡು ಹೇಗಿತ್ತು, ಒಂದು ಸಾಲು ಹೇಳು' ಅನ್ನಿ. ಅವರು ಹೇಳಿದ ಸಾಲು ಉಳಿಯಲಿ. ಅವರಿಗೆ ನೆನಪಾಗದ್ದನ್ನು ತಿದ್ದಿ.

ಮಕ್ಕಳಷ್ಟು ಪ್ರಾಮಾಣಿಕ ಕೇಳುಗರು ಬೇರೆ ಇಲ್ಲ. ಹಿಡಿಸದಿದ್ದರೆ ಎದ್ದು ಹೋಗುತ್ತಾರೆ. ಹಿಡಿಸಿದರೆ 'ಇನ್ನೊಂದ್ಸಲ' ಅನ್ನುತ್ತಾರೆ.

ಹೆಜ್ಜೆ 9: ಮೊಬೈಲ್‌ನಲ್ಲೇ ಶುದ್ಧವಾಗಿ ರೆಕಾರ್ಡ್ ಮಾಡಿ

ಸ್ಟುಡಿಯೋಗೆ ದುಡ್ಡು ಹಾಕುವ ಅಗತ್ಯ ಈಗಲೇ ಇಲ್ಲ. ಬಟ್ಟೆ, ಹಾಸಿಗೆ, ಪರದೆ ಜಾಸ್ತಿ ಇರುವ ಕೋಣೆ ಆರಿಸಿ. ಖಾಲಿ ಕೋಣೆಯಲ್ಲಿ ದನಿ ಗೋಡೆಗೆ ಬಡಿದು ಗುಂಯ್ ಅನ್ನುತ್ತದೆ. ಫ್ಯಾನ್ ನಿಲ್ಲಿಸಿ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಬಾಯಿಂದ ಒಂದು ಗೇಣು ದೂರದಲ್ಲಿ, ಸ್ವಲ್ಪ ಪಕ್ಕಕ್ಕೆ ಇಡಿ. ನೇರ ಎದುರಿಗೆ ಇಟ್ಟರೆ 'ಪ', 'ಬ' ಅಕ್ಷರಗಳು ಬಂದಾಗ ಗಾಳಿ ಹೊಡೆಯುತ್ತದೆ. ತಂಬೂರಿ ಆ್ಯಪ್ ಇನ್ನೊಂದು ಫೋನಿನಲ್ಲಿ, ಇಯರ್‌ಫೋನ್ ಮೂಲಕ ಕೇಳಿಸಿಕೊಳ್ಳಿ. ಮೊದಲ ಅರ್ಧ ನಿಮಿಷ ಹಾಡಿ, ನಿಲ್ಲಿಸಿ, ಕೇಳಿ. ಸರಿ ಇದ್ದರೆ ಮಾತ್ರ ಮುಂದುವರಿಯಿರಿ.

ಎರಡು ಪ್ರತಿ ಮಾಡಿ. ಒಂದು ನೀವು ಹಾಡಿದ್ದು. ಇನ್ನೊಂದು ಬರೀ ವಾದ್ಯ ಮತ್ತು ತಾಳದ್ದು, ಕರೋಕೆ ಥರ. ಈ ಎರಡನೆಯ ಪ್ರತಿಯನ್ನು ಎಲ್ಲರೂ ಮರೆಯುತ್ತಾರೆ. ಶಾಲೆಯ ಟೀಚರ್ ನಿಮ್ಮ ಹಾಡನ್ನು ಮಕ್ಕಳಿಂದ ಹಾಡಿಸಬೇಕು ಅಂದರೆ ಬೇಕಾಗುವುದು ಅದೇ.

ಹೆಜ್ಜೆ 10: ಹಕ್ಕು ಕಾಪಾಡಿಕೊಳ್ಳಿ

ಹಂಚುವುದೇ ಉದ್ದೇಶವಾದರೂ ಇದು ತಿಳಿದಿರಲೇಬೇಕು. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಹಾಡಿನ ಸಾಹಿತ್ಯಕ್ಕೆ ಒಂದು ಹಕ್ಕು, ಸಂಗೀತಕ್ಕೆ ಇನ್ನೊಂದು, ರೆಕಾರ್ಡಿಂಗ್‌ಗೆ ಮತ್ತೊಂದು. ನೀವು ಬರೆದಿಟ್ಟ ಗಳಿಗೆಯಿಂದಲೇ ಸಾಹಿತ್ಯದ ಹಕ್ಕು ನಿಮ್ಮದು. ನಿಮ್ಮ ಜೀವಮಾನ ಮತ್ತು ಆಮೇಲೆ 60 ವರ್ಷ ಅದು ಇರುತ್ತದೆ. ನೋಂದಣಿ ಕಡ್ಡಾಯ ಅಲ್ಲ. ಆದರೆ ಜಗಳ ಬಂದಾಗ ಸಾಕ್ಷಿಯಾಗುತ್ತದೆ. ಕಾಪಿರೈಟ್ ಕಚೇರಿಗೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. 2013ರ ನಿಯಮಗಳ ಪ್ರಕಾರ ಸಾಹಿತ್ಯ ಅಥವಾ ಸಂಗೀತ ಕೃತಿಯೊಂದಕ್ಕೆ ಶುಲ್ಕ 500 ರೂಪಾಯಿ. ಅರ್ಜಿ ಹಾಕಿದ ಮೇಲೆ ಆಕ್ಷೇಪಣೆಗೆ 30 ದಿನ ಕಾಯುತ್ತಾರೆ. ಅದಕ್ಕೂ ಮೊದಲು, ತಾರೀಖು ಹಾಕಿದ ನೋಟ್‌ಬುಕ್ ಪುಟದ ಫೋಟೋವನ್ನು ನಿಮಗೇ ಈಮೇಲ್ ಮಾಡಿಕೊಳ್ಳುವುದು ಒಳ್ಳೆಯ ಅಭ್ಯಾಸ.

ಯಾರಾದರೂ ನಿಮ್ಮ ಹಾಡು ಕೊಳ್ಳಲು ಬಂದರೆ ಬಾಯಿಮಾತಿಗೆ ಒಪ್ಪಬೇಡಿ. ಹಕ್ಕು ವರ್ಗಾವಣೆ ಬರಹದಲ್ಲೇ ಆಗಬೇಕು ಅಂತ ಕಾಯ್ದೆ ಹೇಳುತ್ತದೆ. ಪತ್ರದಲ್ಲಿ ಅವಧಿ ಬರೆಯದಿದ್ದರೆ ಅದು 5 ವರ್ಷ ಅಂತ ಲೆಕ್ಕ. 2012ರ ತಿದ್ದುಪಡಿಯಿಂದ ಗೀತರಚನಕಾರರಿಗೆ ದೊಡ್ಡ ಬಲ ಬಂದಿದೆ. ಸಿನಿಮಾಗೆ ಬರೆದ ಹಾಡಾದರೂ, ಚಿತ್ರಮಂದಿರದ ಪ್ರದರ್ಶನ ಬಿಟ್ಟು ಬೇರೆ ಕಡೆ ಬಳಕೆಯಾದಾಗ ರಾಯಲ್ಟಿಯಲ್ಲಿ (ಬಳಕೆಗೆ ಸಲ್ಲುವ ಹಣದಲ್ಲಿ) ನಿಮ್ಮ ಪಾಲನ್ನು ಬಿಟ್ಟುಕೊಡುವಂತೆ ಬರೆಸಿಕೊಳ್ಳಲು ಬರುವುದಿಲ್ಲ. ರಾಯಲ್ಟಿ ಸಂಗ್ರಹಿಸಿ ಹಂಚಲು 1969ರಲ್ಲಿ ಶುರುವಾದ ಐಪಿಆರ್‌ಎಸ್ (ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ) ಸಂಸ್ಥೆ ಇದೆ. ಹಾಡುಗಳು ಹೊರಬಂದ ಮೇಲೆ ಅದರ ಸದಸ್ಯತ್ವದ ಬಗ್ಗೆ ವಿಚಾರಿಸಿ. ನಿಮಗೆ 18 ತುಂಬಿಲ್ಲದಿದ್ದರೆ ಯಾವ ಒಪ್ಪಂದಕ್ಕೂ ನೀವೊಬ್ಬರೇ ಸಹಿ ಹಾಕಬೇಡಿ. ಅಪ್ಪ ಅಮ್ಮ ಓದಲಿ, ಆದರೆ ವಕೀಲರಿಗೂ ತೋರಿಸಿ.

ಹೆಜ್ಜೆ 11: ಹಾಡನ್ನು ಜನರ ಹತ್ತಿರ ಒಯ್ಯಿರಿ

ಯೂಟ್ಯೂಬ್‌ಗೆ ಹಾಕುವುದು ಸುಲಭ. ಹಾಕಿ. ಹಾಕುವಾಗ ಪೂರ್ತಿ ಸಾಹಿತ್ಯವನ್ನು ಕನ್ನಡ ಅಕ್ಷರದಲ್ಲಿ ಕೆಳಗೆ ಬರೆಯಿರಿ. ಸಾಹಿತ್ಯ, ಮಟ್ಟು, ತಬಲಾ, ರೆಕಾರ್ಡಿಂಗ್ ಯಾರದು ಅಂತ ಎಲ್ಲರ ಹೆಸರೂ ಇರಲಿ. ಹೊರದೇಶದ ಕನ್ನಡ ಕೂಟಗಳು ಮಕ್ಕಳಿಗೆ ಕನ್ನಡ ಕಲಿಸುವ ತರಗತಿ ನಡೆಸುತ್ತವೆ. ಅಲ್ಲಿ ಕಲಿಸುವವರಿಗೆ ಸರಳ ಮಾತಿನ, ಬರಹ ಜೊತೆಗಿರುವ ಹಾಡು ತುಂಬಾ ಉಪಯೋಗ.

ಆದರೆ ವ್ಯೂಸ್ ಲೆಕ್ಕ ನೋಡುತ್ತ ಕೂರಬೇಡಿ. ಎದುರಾಎದುರು ಹಾಡಿದಾಗ ಸಿಗುವ ಪಾಠವೇ ಬೇರೆ. ಗಣೇಶನ ಪೆಂಡಾಲು, ನವೆಂಬರ್ 1ರ ರಾಜ್ಯೋತ್ಸವ, ಶಾಲೆಯ ವಾರ್ಷಿಕೋತ್ಸವ, ಮನೆಯ ನಾಮಕರಣ ಎಲ್ಲವೂ ವೇದಿಕೆಯೇ. ಹತ್ತಿರದ ಸಮುದಾಯ ಬಾನುಲಿಯನ್ನೂ ಕೇಳಿ ನೋಡಿ. ಕೋಲಾರ ಜಿಲ್ಲೆಯ ಬೂದಿಕೋಟೆಯ ನಮ್ಮ ಧ್ವನಿ, ಮಂಗಳೂರಿನ ರೇಡಿಯೋ ಸಾರಂಗ್ ಸ್ಥಳೀಯರ ದನಿಗೆ ಜಾಗ ಕೊಡುತ್ತ ಬಂದ ಹೆಸರುಗಳು. ಆಕಾಶವಾಣಿಯಲ್ಲಿ ಯುವಜನರಿಗಾಗಿಯೇ ಯುವವಾಣಿ ಇದೆ. ಆಕಾಶವಾಣಿ ಎಂಬ ಹೆಸರಿನ ಬಾನುಲಿಯೇ 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರ ಮನೆಯಲ್ಲಿ ಶುರುವಾದದ್ದು. ದೊಡ್ಡ ಜಾಗ ಸಿಗುವವರೆಗೆ ಕಾಯಬೇಕಿಲ್ಲ ಅನ್ನುವುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಡ.

ವೃದ್ಧಾಶ್ರಮಕ್ಕೆ ಹೋಗುವುದಾದರೆ ಮೊದಲೇ ಮಾತಾಡಿ ಸಮಯ ಕೇಳಿಕೊಳ್ಳಿ. ಊಟದ ಹೊತ್ತು, ಮಲಗುವ ಹೊತ್ತು ಬೇಡ. ಸ್ಪೀಕರ್ ಬಿಟ್ಟುಬಿಡಿ. ಕಿವಿ ಮಂದ ಇರುವವರಿಗೆ ಸದ್ದು ಜಾಸ್ತಿ ಮಾಡುವುದಕ್ಕಿಂತ ಹತ್ತಿರ ಕೂತು, ನಿಧಾನವಾಗಿ, ಪದ ಬಿಡಿಸಿ ಹಾಡುವುದು ಮೇಲು. ನಿಮ್ಮದು ಒಂದು ಹಾಡಾದರೆ ಅವರಿಗೆ ಬರುವ ಹಾಡು ಎರಡಾಗಲಿ. ಅಜ್ಜಿಯೊಬ್ಬರು ಬೀಸುವ ಪದ ಎತ್ತಿಕೊಂಡರೆ ನೀವು ಹಿಮ್ಮೇಳ. ಅವರ ಅನುಮತಿ ಇದ್ದರೆ ಮಾತ್ರ ರೆಕಾರ್ಡ್ ಮಾಡಿ. ಆಸ್ಪತ್ರೆಯಲ್ಲಿ ಸಿಬ್ಬಂದಿ ಹೇಳಿದ ಕಡೆ, ಹೇಳಿದಷ್ಟೇ ಹೊತ್ತು. ಮಕ್ಕಳ ವಿಡಿಯೋ ಹಾಕುವ ಮೊದಲು ಮನೆಯವರನ್ನು ಕೇಳಲೇಬೇಕು.

ಹಾಡು ನಾಲ್ಕು ಕಡೆ ಹರಿದಾಡಿದ ಮೇಲೆ ಒಂದು ಸಂಗತಿ ಆಗುತ್ತದೆ. ಯಾರೋ ಒಂದು ಪದ ಬದಲಿಸಿ ಹಾಡುತ್ತಾರೆ. 'ಕಡಲೆಯ ಡಬ್ಬಿ' ಇನ್ನೊಂದು ಬೀದಿಯಲ್ಲಿ 'ಚಕ್ಕುಲಿ ಡಬ್ಬಿ' ಆಗಿರುತ್ತದೆ. ತಕ್ಷಣ ತಿದ್ದಲು ಹೋಗಬೇಡಿ. ಪೂರ್ತಿ ಕೇಳಿ. ಮಾತ್ರೆ ಕೂಡುತ್ತದಾ, ನಿಮ್ಮ ಪದಕ್ಕಿಂತ ಬಾಯಿಗೆ ಸಲೀಸಾ ನೋಡಿ. ಸಲೀಸಾಗಿದ್ದರೆ ಅದನ್ನು ತಾರೀಖು ಮತ್ತು ಬದಲಿಸಿದವರ ಹೆಸರಿನ ಜೊತೆ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮುಂದಿನ ರೆಕಾರ್ಡಿಂಗ್‌ನಲ್ಲಿ ಅವರನ್ನೇ ಕರೆದು ಆ ಸಾಲು ಹಾಡಿಸಿ.